ಎಳೀಬ್ಯಾಡ್ರಿ, ಮೊದಲು ಕೆಂಪು ಗುಂಡಿ ಒತ್ರಿ

ನಮ್ಮ ಚಿಗವ್ವ ಗದಗದವಳು. ಹೋದ ವರ್ಷ ಮಗಳ ಮದುವೆಯ ಸೀರೆ ಖರೀದಿಗೆ ಹುಬ್ಬಳ್ಳಿಗೆ ಬಂದಿದ್ದಳು. ಮೂರು ಅಂತಸ್ತಿನ ಬಟ್ಟೆ ಅಂಗಡಿ, ನಟ್ಟನಡುವೆ ಎಸ್ಕಲೇಟರ್. ಮೇಲೆ ಮುಟ್ಟಿ ಇನ್ನೇನು ಇಳಿಯಬೇಕು, ಅವಳ ಇಳಕಲ್ ಸೀರೆಯ ಅಂಚು ಮೆಟ್ಟಿಲಿನ ಜೊತೆಗೇ ಒಳಗೆ ಹೋಗತೊಡಗಿತು. "ಯಪ್ಪಾ, ಎಳಿಯಾಕತ್ತೈತಿ" ಅಂದಳು. ನಾವು ಮೂವರಿದ್ದೆವು. ಮೂವರೂ ಸೀರೆ ಹಿಡಿದು ಎಳೆದೆವು. ಮೋಟರಿನ ಜೊತೆ ಹಗ್ಗಜಗ್ಗಾಟ! ಅದರಲ್ಲಿ ಗೆಲ್ಲುವವರು ಯಾರು?

"ಬಂದ್ ಮಾಡ್ರಿ ಅದನ್ನ" ಎಂದು ಕೆಳಗಿನಿಂದ ಯಾರೋ ಕೂಗಿದರು. ಹೇಗೆ ಬಂದ್ ಮಾಡುವುದು? ವಾಚ್‌ಮನ್‌ಗೂ ಗೊತ್ತಿರಲಿಲ್ಲ. ಕೆಂಪು ಗುಂಡಿ ಸಿಕ್ಕಿದ್ದು ಮೊಣಕಾಲಿನ ಎತ್ತರದಲ್ಲಿ, ಡಿಸ್ಕೌಂಟ್ ಬೋರ್ಡಿನ ಹಿಂದೆ. ಅಷ್ಟರಲ್ಲಿ ಚಿಗವ್ವ ಮೊಣಕಾಲೂರಿ ಬಿದ್ದಿದ್ದಳು.

ಒಂದು ಸಣ್ಣ ಲೆಕ್ಕ ಹಾಕೋಣ. ಎಸ್ಕಲೇಟರ್ ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತದೆ. ನಾವು ಆರಾಮಾಗಿ ನಡೆಯುವುದಕ್ಕಿಂತ ನಿಧಾನ. ಆದರೆ ಗುಂಡಿ ಹುಡುಕಲು ಹತ್ತು ಸೆಕೆಂಡ್ ಹೋದರೆ ಐದು ಮೀಟರ್ ಒಳಗೆ ಹೋಯಿತು ಎಂದೇ ಲೆಕ್ಕ. ಆರು ವಾರಿ ಸೀರೆಯ ಉದ್ದವೇ ಸುಮಾರು ಐದೂವರೆ ಮೀಟರ್.

ಹತ್ತುವ ಮುಂಚೆಯೇ ಗುಂಡಿ ನೋಡಿಟ್ಟುಕೊಳ್ಳಿ

ಕಾಲಿಡುವ ಮುಂಚೆ ಎರಡು ಸೆಕೆಂಡ್ ನಿಂತು ನೋಡಿ. ಕೈಹಿಡಿಕೆ ತಿರುಗಿ ಒಳಗೆ ಹೋಗುವ ಜಾಗದ ಆಸುಪಾಸಿನಲ್ಲಿ, ಮೇಲೂ ಕೆಳಗೂ, ಒಂದೊಂದು ಕೆಂಪು ಗುಂಡಿ ಇರುತ್ತದೆ. ತುಂಬಾ ಉದ್ದದ ಎಸ್ಕಲೇಟರ್ ಆದರೆ ನಡುವೆಯೂ ಇರುತ್ತದೆ. ಮಕ್ಕಳು ಆಟಕ್ಕೆ ಒತ್ತುತ್ತಾರೆಂದು ಕೆಲವು ಕಡೆ ಪ್ಲಾಸ್ಟಿಕ್ ಮುಚ್ಚಳ ಹಾಕಿರುತ್ತಾರೆ. ಮುಚ್ಚಳ ಎತ್ತಿ ಒತ್ತಬೇಕು, ಅಷ್ಟೇ. ಅದನ್ನು ಒತ್ತಲು ಯಾರ ಅಪ್ಪಣೆಯೂ ಬೇಡ. ಆಮೇಲೆ ಅಂಗಡಿಯವರು ಬೈದರೆ ಬೈಯಲಿ ಬಿಡಿ.

ಎಲ್ಲೆಲ್ಲಿ ಕಚ್ಚುತ್ತದೆ ಎಂಬುದೂ ತಿಳಿದಿರಲಿ. ಮೆಟ್ಟಿಲು ಮುಗಿದು ನೆಲ ಶುರುವಾಗುವಲ್ಲಿ ಹಣಿಗೆಯ ಹಲ್ಲುಗಳಂಥ ಒಂದು ಪಟ್ಟಿ ಇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಕೋಂಬ್ ಅನ್ನುತ್ತಾರೆ. ಮೆಟ್ಟಿಲಿನ ಗೀರುಗಳ ನಡುವೆ ಈ ಹಲ್ಲುಗಳು ಕೂತು ಕಸ, ಕಲ್ಲುಗಳನ್ನು ಮೇಲೆತ್ತಿ ಬಿಡುತ್ತವೆ. ಸೀರೆಯ ಅಂಚು, ಶೂ ಲೇಸ್, ಮಕ್ಕಳ ಬೆರಳು ಮಾತ್ರ ಆ ಸಂದಿಯಲ್ಲಿ ನುಸುಳಬಹುದು. ಎರಡನೆಯದು ಮೆಟ್ಟಿಲಿಗೂ ಪಕ್ಕದ ತಗಡಿಗೂ ನಡುವಿನ ಸಂದು. ಯುರೋಪಿನ ನಿಯಮದ ಪ್ರಕಾರ ಅದು ಒಂದು ಬದಿಗೆ 4 ಮಿಲಿಮೀಟರ್ ದಾಟಬಾರದು. ರಬ್ಬರಿನ ಮೆತ್ತನೆ ಚಪ್ಪಲಿಗೆ ಅಷ್ಟೇ ಸಾಕು. ಅದು ತಗಡಿಗೆ ತಾಗಿ ಅಂಟಿಕೊಂಡು ಹಿಂಡಿಕೊಂಡು ಹೋಗುತ್ತದೆ, ಒಳಗೆ ಮಗುವಿನ ಬೆರಳಿರುತ್ತದೆ. ಪಕ್ಕದಲ್ಲಿ ಸಾಲಾಗಿ ಬ್ರಷ್ ಹಾಕಿರುವುದನ್ನು ನೋಡಿರಬಹುದು. ಅದು ಶೂ ಪಾಲಿಶ್ ಮಾಡಿಕೊಳ್ಳಲು ಅಲ್ಲ! ಕಾಲು ದೂರ ಇಡಿ ಎಂದು ಹೇಳಲು. ಮೂರನೆಯದು ಕೈಹಿಡಿಕೆ ಒಳಗೆ ಹೋಗುವ ತೂತು. ಕೆಳಗೆ ಕೂತು ಆಡುವ ಕೂಸುಗಳ ಕೈಗೆ ಅದು ಸರಿಯಾದ ಎತ್ತರದಲ್ಲಿರುತ್ತದೆ.

ಸಿಕ್ಕಿದ್ದು ಗೊತ್ತಾದರೆ ತಾನೇ ನಿಲ್ಲುವ ಸ್ವಿಚ್‌ಗಳು ಈಗಿನ ಎಸ್ಕಲೇಟರ್‌ಗಳಲ್ಲಿ ಇವೆ, ನಿಜ. ಆದರೆ ಅವು ಎಚ್ಚರಗೊಳ್ಳಲು ಸ್ವಲ್ಪ ಜೋರಾದ ಒತ್ತಡ ಬೇಕು. ತೆಳ್ಳನೆ ಓಢಣಿ, ಸಣ್ಣ ಬೆರಳು ಸಿಕ್ಕರೆ ಗೊತ್ತಾಗದೇ ಹೋಗಬಹುದು. ನಮ್ಮ ಚಿಗವ್ವನ ಸೀರೆಗಂತೂ ಯಾವ ಸ್ವಿಚ್ಚೂ ಅಲುಗಲಿಲ್ಲ.

ಯಾರಾದರೂ ಸಿಕ್ಕಿಕೊಂಡರೆ

ಮೊದಲು ಬಾಯಿ, ಆಮೇಲೆ ಕೈ. "ಎಲ್ಲಾರೂ ಹಿಡ್ಕೋರಿ!" ಎಂದು ಜೋರಾಗಿ ಕೂಗಿ, ಕೂಗುತ್ತಲೇ ಗುಂಡಿ ಒತ್ತಿ. ಕೂಗುವುದು ಯಾಕೆಂದರೆ, ಮೆಟ್ಟಿಲು ನಿಂತಾಗ ಮೇಲಿರುವವರು ಮುಗ್ಗರಿಸುತ್ತಾರೆ. ಜನ ಉರುಳಬಾರದೆಂದೇ ಗುಂಡಿ ಒತ್ತಿದ ಮೇಲೂ ಅದು ಸ್ವಲ್ಪ ಜಾರಿ ನಿಲ್ಲುವಂತೆ ಬ್ರೇಕ್ ಹೊಂದಿಸಿರುತ್ತಾರೆ. ಅರ್ಧ ಮೀಟರ್ ವೇಗದ ಎಸ್ಕಲೇಟರ್ 20 ಸೆಂಟಿಮೀಟರಿನಿಂದ 1 ಮೀಟರ್ ಒಳಗೆ ನಿಲ್ಲಬೇಕು ಎನ್ನುವುದು ಯುರೋಪಿನ ನಿಯಮ. ಅಂದರೆ ಒತ್ತಿದ ತಕ್ಷಣ ಗಪ್ಪನೆ ನಿಲ್ಲಲಿಲ್ಲವೆಂದು ಗಾಬರಿ ಬೇಡ. ಜೊತೆಗೆ, ತಡವಾಗಿ ಒತ್ತಿದರೆ ಆ ಜಾರುವಿಕೆಯೂ ಗಾಯಕ್ಕೇ ಸೇರುತ್ತದೆ.

ನಿಂತಿತಲ್ಲ, ಈಗ ಎಳೆಯಬೇಡಿ. ನಮ್ಮ ಕಡೆ ಜನ ಸಹಾಯಕ್ಕೆ ಬೇಗ ಬರುತ್ತಾರೆ. ಅದೇ ಇಲ್ಲಿ ತೊಂದರೆ. ಹತ್ತು ಕೈ ಒಟ್ಟಿಗೆ ಕಾಲು ಹಿಡಿದು ಜಗ್ಗಿದರೆ ಹಲ್ಲುಗಳ ನಡುವೆ ಇರುವ ಬೆರಳು ಹರಿಯುತ್ತದೆ. ಒಬ್ಬರು ಹಿಂದೆ ಕೂತು ಸಿಕ್ಕಿಕೊಂಡವರ ಬೆನ್ನಿಗೆ ಆನಿಕೆ ಕೊಡಿ, ಅವರ ಭಾರ ಸಿಕ್ಕ ಕಾಲಿನ ಮೇಲೆ ಬೀಳಬಾರದು. "ಯವ್ವಾ, ಅಲ್ಲಾಡಬ್ಯಾಡ, ನಾ ಹಿಡ್ಕೊಂಡೀನಿ" ಎಂದು ಮಾತಾಡಿಸುತ್ತಾ ಇರಿ. ಮಗುವಾದರೆ ತಾಯಿಯೋ ತಂದೆಯೋ ಅದರ ಮುಖದ ಮುಂದೆ ಇರಲಿ, ಗಾಯದ ಮುಂದೆ ಅಲ್ಲ.

ಸಿಕ್ಕಿದ್ದು ಬಟ್ಟೆ ಮಾತ್ರವಾದರೆ ಕೆಲಸ ಸಲೀಸು: ಕತ್ತರಿಸಿ. ನಮ್ಮ ವಿಷಯದಲ್ಲಿ ಆಲ್ಟ್ರೇಷನ್ ಕೌಂಟರಿನ ಟೇಲರ್ ಕಾಕಾ ಕತ್ತರಿ ಹಿಡಿದು ಓಡಿ ಬಂದರು. ಅಂಥ ಹೊತ್ತಿನಲ್ಲೂ ಚಿಗವ್ವ, "ಅದು ನಮ್ಮವ್ವನ ಸೀರಿ, ಕತ್ತರಿಸಬ್ಯಾಡ್ರಿ" ಅಂದಳು. ಕಾಕಾ ಕೇಳಲಿಲ್ಲ. ಓಢಣಿ, ದುಪಟ್ಟಾ ಕುತ್ತಿಗೆಗೆ ಬಿಗಿದಿದ್ದರೆ ಒಂದು ಕ್ಷಣವೂ ತಡ ಮಾಡಬಾರದು. ಕುತ್ತಿಗೆಯ ಹತ್ತಿರವೇ ಕತ್ತರಿಸಿ. ಕತ್ತರಿ ಇಲ್ಲದಿದ್ದರೆ ಬ್ಲೇಡ್, ಚಾಕು, ಏನು ಸಿಕ್ಕರೆ ಅದು. ಚರ್ಮದಿಂದ ಆಚೆಗೆ ಕೊಯ್ಯಿರಿ. ಚಪ್ಪಲಿ, ಶೂ ಸಿಕ್ಕಿದ್ದರೆ ಲೇಸ್ ಬಿಚ್ಚಿ, ಬಾರು ಕತ್ತರಿಸಿ. ಕಾಲು ತಾನಾಗಿ ಹೊರಬಂದರೆ ಸರಿ. ಬಾರದಿದ್ದರೆ ಹಾಗೇ ಬಿಡಿ.

ಇಷ್ಟು ನಡೆಯುವಾಗ ಇನ್ನೊಬ್ಬರು ಮೇಲೆ, ಮತ್ತೊಬ್ಬರು ಕೆಳಗೆ ನಿಂತು ಜನರನ್ನು ತಡೆಯಬೇಕು. ಮೆಟ್ಟಿಲ ಮೇಲೆ ಉಳಿದವರನ್ನು ಗಾಯಾಳು ಇಲ್ಲದ ತುದಿಗೆ ನಿಧಾನ ಕಳಿಸಿ. ನಿಂತ ಎಸ್ಕಲೇಟರ್ ಮನೆಯ ಮೆಟ್ಟಿಲಿನಂತಲ್ಲ: ನಡುವೆ ಮೆಟ್ಟಿಲು ಎತ್ತರ, ಎರಡೂ ತುದಿಗೆ ಗಿಡ್ಡ. ವಯಸ್ಸಾದವರು ಅಲ್ಲೇ ಮುಗ್ಗರಿಸುವುದು. ಕೈ ಹಿಡಿದು ಇಳಿಸಿ.

ಫೋನಿನಲ್ಲಿ ಏನು ಹೇಳಬೇಕು

112ಕ್ಕೆ ಮಾಡಿದರೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಸುದ್ದಿ ಮುಟ್ಟುತ್ತದೆ. ಆಂಬುಲೆನ್ಸಿಗೆ 108, ಅಗ್ನಿಶಾಮಕಕ್ಕೆ 101 ಇದ್ದೇ ಇವೆ. ರೈಲ್ವೆ ಸ್ಟೇಶನ್ನಿನಲ್ಲಾದರೆ 139. "ಎಸ್ಕಲೇಟರಿನಾಗ ಒಬ್ಬರ ಕಾಲು ಸಿಕ್ಕೈತಿ, ಮಶಿನ್ ಬಂದ್ ಮಾಡೀವಿ, ಕಾಲು ಇನ್ನೂ ಒಳಗ ಐತಿ" ಎಂದು ಹೇಳಿ. 'ಸಿಕ್ಕಿದೆ' ಎನ್ನುವ ಮಾತು ಮುಖ್ಯ. ಆಗಲೇ ಅವರು ಸ್ಟ್ರೆಚರ್ ಜೊತೆ ಕಬ್ಬಿಣ ಅಗಲಿಸುವ ಸಾಮಾನನ್ನೂ ತರುತ್ತಾರೆ. ಜಾಗವನ್ನು ಸರಿಯಾಗಿ ಹೇಳಿ. ಹುಬ್ಬಳ್ಳಿ ಸ್ಟೇಶನ್ ಅಂದರೆ ಸಾಲದು. ಅಲ್ಲಿನ ಒಂದು ಪ್ಲಾಟ್‌ಫಾರ್ಮೇ 1507 ಮೀಟರ್ ಉದ್ದ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್. ಯಾವ ಪ್ಲಾಟ್‌ಫಾರ್ಮ್, ಯಾವ ಗೇಟು ಹೇಳದಿದ್ದರೆ ಸ್ಟ್ರೆಚರ್ ಹಿಡಿದವರು ಓಡಾಡುವುದೇ ಆಗುತ್ತದೆ. ಕೊಪ್ಪೀಕರ್ ರಸ್ತೆಯಂಥ ಗದ್ದಲದ ಕಡೆ ಒಬ್ಬ ಹುಡುಗನನ್ನು ರಸ್ತೆಗೇ ಕಳಿಸಿ, ಗಾಡಿಗೆ ಕೈ ಮಾಡಲಿ.

"ಉಲ್ಟಾ ಓಡಿಸ್ರಿ" ಎಂದು ಹೇಳುವ ಒಬ್ಬ ಜಾಣ ಪ್ರತಿ ಗುಂಪಿನಲ್ಲೂ ಇರುತ್ತಾನೆ. ಕೀಲಿ ತಿರುಗಿಸಿದರೆ ಎಸ್ಕಲೇಟರ್ ಹಿಂದಕ್ಕೂ ಓಡುತ್ತದೆ ಎನ್ನುವುದು ನಿಜ. ಆದರೆ ಒಂದು ಬೆರಳು ಹೇಗೆ, ಯಾವ ಹಲ್ಲಿನ ಕೆಳಗೆ ಸಿಕ್ಕಿದೆ ಎಂದು ಮೇಲಿನಿಂದ ಕಾಣುವುದಿಲ್ಲ. ಹಿಂದಕ್ಕೆ ಓಡಿಸಿದರೆ ಜಜ್ಜಿದ ಗಾಯ ಕತ್ತರಿಸಿದ ಗಾಯವಾಗಬಹುದು. ಆ ಕೀಲಿ ವಾಚ್‌ಮನ್ ಜೇಬಿನಲ್ಲೇ ಇರಲಿ.

ತಿಳಿದವರು ಬಿಡಿಸುವ ರೀತಿ ಬೇರೆ. ಮೊದಲು ಮೇನ್ ಸ್ವಿಚ್ ಆಫ್, ಅದಕ್ಕೆ ಬೀಗ, ಪಕ್ಕದಲ್ಲಿ ಕಾವಲಿಗೆ ಒಬ್ಬ ಮನುಷ್ಯ. ಮೆಟ್ಟಿಲ ಮೇಲೆ ಒಬ್ಬರೂ ಇರಬಾರದು. ಯಾಕೆಂದರೆ ಬ್ರೇಕ್ ಸಡಿಲಿಸಿದರೆ ಜನರ ಭಾರಕ್ಕೇ ಸರಪಳಿ ಜಾರೀತು. ಕೋಂಬ್ ಒಂದೇ ತುಂಡಲ್ಲ, ಚಿಕ್ಕ ಚಿಕ್ಕ ತುಂಡುಗಳನ್ನು ಸ್ಕ್ರೂ ಹಾಕಿ ಜೋಡಿಸಿರುತ್ತಾರೆ. ಬೆರಳಿನ ಎಡಬಲದ ತುಂಡು ಬಿಚ್ಚಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಪಕ್ಕದಲ್ಲಿ ಸಿಕ್ಕಿದ್ದರೆ ತಗಡಿನ ಹಾಳೆ ಬಿಚ್ಚುತ್ತಾರೆ, ಇಲ್ಲವೇ ಹೈಡ್ರಾಲಿಕ್ ಸ್ಪ್ರೆಡರ್‌ನಿಂದ ಅಗಲಿಸುತ್ತಾರೆ. ಸರಿಸಲೇಬೇಕಾದರೆ ಮೋಟರಿನಿಂದ ಅಲ್ಲ, ಕೈಚಕ್ರ ತಿರುಗಿಸಿ, ಕೂದಲೆಳೆಯಷ್ಟಷ್ಟೇ. ಅಷ್ಟು ಹೊತ್ತು ಕಾಯುವುದು ಕಷ್ಟ. ಆದರೂ ಕಾಯಬೇಕು.

ರಕ್ತ ಹರಿಯುತ್ತಿದ್ದರೆ ಸ್ವಚ್ಛ ಬಟ್ಟೆ ಮಡಚಿ ಗಾಯದ ಮೇಲೆ ಬಿಗಿಯಾಗಿ ಒತ್ತಿ ಹಿಡಿಯಿರಿ. ತೆಗೆದು ತೆಗೆದು ನೋಡಬೇಡಿ. ಅರಿಶಿನ, ಕಾಫಿಪುಡಿ ಹಾಕುವವರನ್ನು ದೂರ ಇಡಿ. ನೀರು, ಚಹಾ ಕೂಡ ಬೇಡ, ಆಪರೇಷನ್ ಬೇಕಾಗಬಹುದು. ಬೆರಳು ತುಂಡಾಗಿದ್ದರೆ ಅದನ್ನು ಹುಡುಕಿ. ಒದ್ದೆ ಮಾಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸು ಹಾಕಿದ ನೀರಿನಲ್ಲಿ ಇಡಿ. ಐಸು ನೇರವಾಗಿ ಬೆರಳಿಗೆ ತಾಗಬಾರದು, ಮಾಂಸ ಸುಟ್ಟಂತಾಗುತ್ತದೆ. ಪಕ್ಕದ ಜ್ಯೂಸ್ ಅಂಗಡಿಯಲ್ಲಿ ಐಸು ಸಿಗದ ಬೀದಿ ಹುಬ್ಬಳ್ಳಿ-ಧಾರವಾಡದಲ್ಲಿ ಉಂಟೇ?

ಬೀಳುವವರೇ ಜಾಸ್ತಿ

ಇಷ್ಟೆಲ್ಲ ಸಿಕ್ಕಿಕೊಳ್ಳುವ ಮಾತೇ ಆಯಿತು. ಆದರೆ 1994ರಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಲೆಕ್ಕ ಹಾಕಿದಾಗ, ಎಸ್ಕಲೇಟರ್ ಗಾಯಗಳಲ್ಲಿ ನೂರಕ್ಕೆ 75 ಸುಮ್ನೆ ಬಿದ್ದು ಆದವು. ಸಿಕ್ಕಿಕೊಂಡು ಆದವು 20. ಊರಿಂದ ಬಂದ ಅಜ್ಜ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ದೋತರದ ಚುಂಗು ಹಿಡಿದು ಹತ್ತಿದರೆ ಕೈಹಿಡಿಕೆ ಹಿಡಿಯಲು ಮೂರನೇ ಕೈ ಎಲ್ಲಿಂದ ಬರಬೇಕು? ಬ್ಯಾಡಗಿ ಮೆಣಸಿನಕಾಯಿ ಚೀಲ ಹೊತ್ತು ಹತ್ತುವವರನ್ನು ನಾನೇ ನೋಡಿದ್ದೇನೆ. ಅಂಥವರಿಗೆ ಲಿಫ್ಟ್ ತೋರಿಸಿ. ಹತ್ತಲೇಬೇಕೆಂದರೆ ನಿರಿಗೆ ಒಂದಿಷ್ಟು ಎತ್ತಿ ಹಿಡಿದು, ಹಳದಿ ಗೆರೆಗಳ ನಡುವೆ ಕಾಲಿಟ್ಟು, ಇಳಿಯುವಾಗ ಕಾಲು ಎಳೆಯದೆ ಎತ್ತಿ ಇಡಲಿ. ಇಳಿದ ಮೇಲೆ ಅಲ್ಲೇ ನಿಂತು ಮೊಬೈಲ್ ನೋಡಬಾರದು, ಹಿಂದಿನವರಿಗೆ ನಿಲ್ಲುವ ಆಯ್ಕೆ ಇರುವುದಿಲ್ಲ. ಯಾರಾದರೂ ಉರುಳಿದರೆ ಇಲ್ಲೂ ಗುಂಡಿಯೇ ಮೊದಲು. ತಲೆಗೆ ಪೆಟ್ಟು ಬಿದ್ದ ಹಿರಿಯರು "ಏನೂ ಆಗಿಲ್ಲ" ಎಂದರೂ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಾದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ದೆಹಲಿಯಂಥ ದೊಡ್ಡ ವಿಮಾನ ನಿಲ್ದಾಣಗಳಲ್ಲಿರುವ ಓಡುವ ಹಾಸಿಗೆಯಂಥ ದಾರಿಗೂ ಇದೇ ಮಾತು. ಸಪಾಟಾಗಿದೆ ಎಂದು ನಂಬಬೇಡಿ. 2023ರ ಜೂನ್‌ನಲ್ಲಿ ಬ್ಯಾಂಕಾಕಿನ ಡಾನ್ ಮುಯಾಂಗ್ ನಿಲ್ದಾಣದಲ್ಲಿ ಅಂಥದೇ ದಾರಿಯ ಕೊನೆಯಲ್ಲಿ ಒಬ್ಬ ಮಹಿಳೆ ಕಾಲನ್ನೇ ಕಳೆದುಕೊಂಡರು. ಇನ್ನು ಚೀನಾದ ಜಿಂಗ್‌ಝೌ ಊರಿನಲ್ಲಿ 2015ರ ಜುಲೈನಲ್ಲಿ ನಡೆದದ್ದು ಮರೆಯಲಾಗದ್ದು. ಎಸ್ಕಲೇಟರ್ ತುದಿಯ ನೆಲದ ತಗಡು ಸಡಿಲಾಗಿತ್ತು. ಅಂಗಡಿಯ ಕೆಲಸದವರು ಅದನ್ನು ಕೆಲವು ನಿಮಿಷ ಮುಂಚೆಯೇ ನೋಡಿದ್ದರು. ಯಂತ್ರ ನಿಲ್ಲಿಸಲಿಲ್ಲ. ತಗಡು ಕುಸಿದಾಗ ಒಬ್ಬ ತಾಯಿ ಮಗುವನ್ನು ಮುಂದಕ್ಕೆ ತಳ್ಳಿ ತಾನು ಒಳಗೆ ಹೋದಳು. ಆದ್ದರಿಂದ ಕಾಲಿಟ್ಟಾಗ ತಗಡು ಅಲುಗಿದರೆ, ಕೋಂಬಿನ ಹಲ್ಲು ಮುರಿದದ್ದು ಕಂಡರೆ, ಮೇಲೆ ಯಾರೂ ಇಲ್ಲದ ಹೊತ್ತು ನೋಡಿ ನಿಲ್ಲಿಸಿ ಎಂದು ಅಲ್ಲಿಯವರಿಗೆ ಹೇಳಿ. ಒಂದು ಸಲ ಅಲ್ಲ, ನಿಲ್ಲಿಸುವವರೆಗೆ.

ಚಿಗವ್ವನನ್ನು ಕುರ್ಚಿಯಲ್ಲಿ ಕೂರಿಸಿ ಕಾಲು ಗಂಟೆಯೂ ಆಗಿರಲಿಲ್ಲ, ಎಸ್ಕಲೇಟರ್ ಮತ್ತೆ ಓಡತೊಡಗಿತು. ಸೀರೆಯ ತುಂಡು ಇನ್ನೂ ಒಳಗೇ ಇತ್ತು. ಗಿರಾಕಿಗಳು ಕಾಯುತ್ತಿದ್ದಾರಂತೆ! ನಾನು ಮ್ಯಾನೇಜರ್ ಹತ್ತಿರ ಹೋಗಿ ಜಗಳ ಮಾಡಿದೆ. ಅಪಘಾತವಾದ ಯಂತ್ರವನ್ನು ಮೆಕ್ಯಾನಿಕ್ ಬಂದು ಕೋಂಬ್, ಮೆಟ್ಟಿಲು, ಸ್ವಿಚ್ ಎಲ್ಲ ನೋಡದೆ ಚಾಲೂ ಮಾಡಬಾರದು. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ 2012ರ ಲಿಫ್ಟ್, ಎಸ್ಕಲೇಟರ್ ಕಾಯ್ದೆ ಇದೆ. ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ. ದೂರು ಕೊಡುವವರು ತಾರೀಖು, ಹೊತ್ತು, ಯಾವ ಅಂತಸ್ತು ಬರೆದಿಟ್ಟುಕೊಳ್ಳಿ, ಕೋಂಬಿನ ಫೋಟೋ ತೆಗೆದಿಟ್ಟುಕೊಳ್ಳಿ.

ಕೊನೆಗೆ ಅಂಗಡಿಯವರು ಮೆಕ್ಯಾನಿಕ್ಕನ್ನು ಕರೆಸಿದರು. ಎರಡು ತಾಸಿನ ಮೇಲೆ ಆ ಹುಡುಗ ಮೊಳದುದ್ದದ ತುಂಡು ಹೊರತೆಗೆದ, ಗ್ರೀಸಿನಲ್ಲಿ ಕಪ್ಪಾಗಿತ್ತು. ಎಸೆಯಲು ಹೊರಟವನನ್ನು ಚಿಗವ್ವ ನಿಲ್ಲಿಸಿದಳು. "ಏ ತಮ್ಮಾ, ಇಲ್ಲಿ ಕೊಡು. ಸೀಮೆಎಣ್ಣಿ ಹಚ್ಚಿ ತೊಳದ್ರ ಹೊಕ್ಕೈತಿ."