ಗೇಟು ಕಾಯೋದು ಬಿಟ್ಟು ಬೀರು ತೆಗೆದು ನೋಡಿದೆ

ಫೈಲುಗಳಲ್ಲಿ ಬಿದ್ದಿರುವ ಆಧಾರ್‌ನಂಥ ಖಾಸಗಿ ನಂಬರ್ ಹುಡುಕಲು ನಾನೊಂದು ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಬರೆದಿದ್ದೇನೆ. ಎರಡು ವರ್ಷದ ಹಿಂದೆ ಅದರ ವಿಷಯ ಹೇಳಿದಾಗ ಬೆಂಗಳೂರಿನ ಗೆಳೆಯನೊಬ್ಬ, "ಗ್ರೆಪ್ ಹಾಕಿ ಅದನ್ನ ಡಿಎಲ್‌ಪಿ ಅಂತೀಯೇನೋ?" ಅಂದಿದ್ದ. ಗ್ರೆಪ್ ಅಂದರೆ ಫೈಲಿನಲ್ಲಿ ಪದ ಹುಡುಕುವ ಸಾದಾ ಕಮಾಂಡ್, ಡಿಎಲ್‌ಪಿ ಅಂದರೆ ಮಾಹಿತಿ ಸೋರದಂತೆ ತಡೆಯುವ ಸಾಫ್ಟ್‌ವೇರ್. ಈಗ ಅವನೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ.

ತುಮಕೂರಿನ ಒಂದು ಕ್ಯಾಂಪಸ್‌ನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು ನಾನು. ಸುಮಾರು 280 ಕಂಪ್ಯೂಟರ್, ಹಾಸ್ಟೆಲ್ ವೈಫೈ ಬೇರೆ. ಒಂದು ದಿನ ಒಬ್ಬ ವಿದ್ಯಾರ್ಥಿನಿ ಲ್ಯಾಪ್‌ಟಾಪ್ ಹಿಡಿದು ನನ್ನ ಟೇಬಲ್ ಹತ್ತಿರ ಬಂದಳು. ನಮ್ಮ ವೆಬ್‌ಸೈಟ್‌ನಲ್ಲಿದ್ದ ಸ್ಕಾಲರ್‌ಶಿಪ್ ಪಟ್ಟಿ, ಎಕ್ಸೆಲ್ ಫೈಲು. ನೋಡಲು ಹೆಸರು, ಮೊತ್ತ ಅಷ್ಟೇ. ಆದರೆ ಮೇಲಿನ ಸಾಲಿನಲ್ಲಿ 'ಸಿ' ಆದಮೇಲೆ ನೇರ 'ಹೆಚ್' ಇತ್ತು. ಅವಳು ಅನ್‌ಹೈಡ್ ಒತ್ತಿದಳು. ಆಧಾರ್, ಬ್ಯಾಂಕ್ ಖಾತೆ, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್, ಆದಾಯ. ಆರುನೂರು ಚಿಲ್ಲರೆ ಮಕ್ಕಳದ್ದು. "ಇದು ನಮ್ಮಪ್ಪಂದು ಸಾರ್" ಅಂತ ಒಂದು ಸಾಲಿನ ಮೇಲೆ ಬೆರಳಿಟ್ಟಳು. ನನಗೆ ತಲೆ ಎತ್ತಲು ಆಗಲಿಲ್ಲ.

ಫೈಲ್ ಹಾಕಿದ ಗುಮಾಸ್ತರು, "ಕಾಲಂ ಹೈಡ್ ಮಾಡಿದ್ನಲ್ಲ ಸಾರ್" ಅಂದರು. ಅವರು ಮುಚ್ಚಿಡಬೇಕು ಅಂತಲೇ ಮಾಡಿದ್ದು. ಅದು ಮುಚ್ಚಿದಂತೆ ಅಲ್ಲ ಅಂತ ನಾವು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಮೊದಲು ನಾನೂ ಎಲ್ಲರ ಹಾಗೆ ಗೇಟಿಗೇ, ಅಂದರೆ ನೆಟ್‌ವರ್ಕ್‌ನಿಂದ ಮಾಹಿತಿ ಹೊರಗೆ ಹೋಗುವ ಬಾಗಿಲಿಗೇ ಓಡಿದೆ. ಸ್ಕ್ವಿಡ್ ಅನ್ನೋ ಪ್ರಾಕ್ಸಿ (ಎಲ್ಲ ಇಂಟರ್‌ನೆಟ್ ಓಡಾಟ ಹಾದುಹೋಗುವ ಮಧ್ಯದ ಸಾಫ್ಟ್‌ವೇರ್) ಕೂರಿಸಿ, ಗೂಢಲಿಪಿಯಲ್ಲಿ ಹೋಗುವುದನ್ನೂ ಮಧ್ಯದಲ್ಲಿ ಬಿಚ್ಚುವ ಎಸ್‌ಎಸ್‌ಎಲ್ ಬಂಪ್ ಹಾಕಿ, ಹೊರಗೆ ಹೋಗುವ ಫೈಲೆಲ್ಲ ಬಿಚ್ಚಿ ನೋಡೋಣ ಅಂತ. ಮೂರು ವಾರ ನಿದ್ದೆಗೆಟ್ಟೆ. ಅಕೌಂಟ್ಸ್ ವಿಭಾಗದ ಬ್ಯಾಂಕ್ ಸೈಟ್ ನಿಂತಿತು. ಹಾಗೆ ಬಿಚ್ಚಲು ಬೇಕಾದ ನಮ್ಮ ಡಿಜಿಟಲ್ ಸರ್ಟಿಫಿಕೇಟನ್ನು ಮಕ್ಕಳ ಫೋನ್‌ಗಳು ಒಪ್ಪಲಿಲ್ಲ. ಒಪ್ಪಿಸಿದ್ದರೂ ಏನು ಬಂತು, ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಕಳಿಸಿದರೆ ನನ್ನ ಗೇಟಿಗೆ ಕೆಲಸವೇ ಇಲ್ಲ. ಆಮೇಲೆ ರೆಡಿಮೇಡ್ ಡಿಎಲ್‌ಪಿಗೆ ಕೊಟೇಶನ್ ತರಿಸಿದೆ. ವರ್ಷಕ್ಕೆ ಹತ್ತಿರ ಹತ್ತಿರ 5 ಲಕ್ಷ. ಫೈಲ್ ಮೇಲಿನಿಂದ ಹಾಗೇ ವಾಪಸ್ ಬಂತು.

ಆಗ ಹೊಳೆದಿದ್ದು ಇಷ್ಟೇ. ಸೋರುವುದನ್ನು ತಡೆಯುವ ಮೊದಲು, ಸೋರಬಹುದಾದ್ದು ಎಲ್ಲೆಲ್ಲಿ ಬಿದ್ದಿದೆ ಅಂತ ನೋಡಬೇಕು. ಲ್ಯಾಬ್‌ನಿಂದ ತೆಗೆದ ಹಳೇ ಡೆಸ್ಕ್‌ಟಾಪ್ ಒಂದಿತ್ತು. ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ಎಸ್‌ಎಸ್‌ಡಿ, ರ‍್ಯಾಮ್ ತಂದೆ. ಬಸ್ ಚಾರ್ಜೂ ಸೇರಿ ಒಂಬತ್ತು ಸಾವಿರ ಆಗಿರಬೇಕು. ಪೈಥಾನ್‌ನಲ್ಲಿ ಬರೆದ ಸ್ಕ್ರಿಪ್ಟ್ ರಾತ್ರಿ ಹನ್ನೊಂದಕ್ಕೆ ಶುರುವಾಗಿ ಎಲ್ಲ ಶೇರ್ಡ್ ಫೋಲ್ಡರ್ ಓದುತ್ತದೆ.

ಮೊದಲ ರಾತ್ರಿ ಹನ್ನೆರಡು ಸಾವಿರ ಫೈಲ್ ಸಿಕ್ಕಿತು. ಮುಕ್ಕಾಲು ಪಾಲು ಸುಳ್ಳು. 12 ಅಂಕಿ ಕಂಡರೆ ಸಾಕು, ಆಧಾರ್ ಅನ್ನುತ್ತಿತ್ತು. ಆಧಾರ್ 0 ಅಥವಾ 1ರಿಂದ ಶುರುವಾಗಲ್ಲ, ಕೊನೆಯ ಅಂಕಿ ವೆರ್ಹೂಫ್ ಚೆಕ್‌ಸಮ್, ಅಂದರೆ ಉಳಿದ ಅಂಕಿಗಳು ಸರಿ ಇವೆಯಾ ಅಂತ ಲೆಕ್ಕ ಹಾಕಿ ನೋಡಲು ಇರುವ ಅಂಕಿ. ಅದನ್ನು ಹಾಕಿದ ಮೇಲೆ ಯಾವುದೋ 12 ಅಂಕಿಯಲ್ಲಿ ಹತ್ತಕ್ಕೆ ಒಂದು ಮಾತ್ರ ತಪ್ಪಾಗಿ ಪಾಸ್ ಆಗುತ್ತದೆ. ಅಷ್ಟಾದರೂ ಮೊಬೈಲ್ ನಂಬರ್ ಕಾಟ ಬಿಡಲಿಲ್ಲ. 91 ಸೇರಿಸಿ ಬರೆದರೆ ಅದೂ 12 ಅಂಕಿಯೇ ಅಲ್ವಾ! ಅದನ್ನು ಬೇರ್ಪಡಿಸುವ ಉಪಾಯ ನನ್ನ ಹತ್ತಿರ ಇದೆ, ಇಲ್ಲಿ ಬರೆಯಲ್ಲ. ಬರೆದರೆ ಅದೇ ದಾರಿಯಲ್ಲಿ ಬಚ್ಚಿಡುವವರೂ ಹುಟ್ಟುತ್ತಾರೆ. ಆರ್‌ಡಿ ನಂಬರ್ ಮಾತ್ರ ಸುಲಭ, ಆರ್‌ಡಿ ಅನ್ನೋ ಅಕ್ಷರಗಳಾದ ಮೇಲೆ 13 ಅಂಕಿ.

ಅಂಕಿಯ ಪಕ್ಕ 'ಆಧಾರ್' ಅನ್ನೋ ಪದ ಇದೆಯಾ ನೋಡೋಣ ಅಂತಲೂ ಪ್ರಯತ್ನಪಟ್ಟೆ. ಹಳೇ ಫೈಲೆಲ್ಲ ನುಡಿ ಫಾಂಟ್. ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್ ಅಲ್ಲದ್ದರಿಂದ ಸ್ಕ್ರಿಪ್ಟ್‌ಗೆ ಅದು ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಬಿಟ್ಟೆ, ಅಂಕಿಗಳನ್ನೇ ನಂಬಿದೆ.

ಝೆರಾಕ್ಸ್ ಮೆಷಿನ್‌ನ ಸ್ಕ್ಯಾನ್ ಫೋಲ್ಡರ್ ಕಥೆ ಬೇರೆ. ಯಾರು ಬೇಕಾದರೂ ತೆಗೆಯಬಹುದಿತ್ತು. ಒಳಗೆ ನಾಲ್ಕು ವರ್ಷದ ಆಧಾರ್ ಕಾರ್ಡ್ ಪ್ರತಿಗಳು. ಚಿತ್ರದಲ್ಲಿರುವ ಅಕ್ಷರ ಓದುವ ಟೆಸರಾಕ್ಟ್ ಹಾಕಿ ಓದಿಸಿದೆ, ಹೆಚ್ಚಿನವು ಸಿಗಲೇ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಮಾಸಿದ ಪ್ರತಿಯಲ್ಲಿ 8 ಅನ್ನು 3 ಅಂತ ಓದುತ್ತಿದೆ. ಒಂದಂಕಿ ತಪ್ಪಿದರೆ ವೆರ್ಹೂಫ್ ಖಂಡಿತ ಫೇಲ್, ಅದಿರೋದೇ ಅದಕ್ಕೆ. ಸ್ಕ್ಯಾನ್ ಪ್ರತಿಗಳಿಗೆ ಚೆಕ್‌ಸಮ್ ಹಾಕಲೇಬೇಡಿ. ಈಗ ಆ ಫೋಲ್ಡರ್ ದಿನಾ ರಾತ್ರಿ ತಾನೇ ಖಾಲಿಯಾಗುತ್ತದೆ.

ಸ್ಕ್ರಿಪ್ಟ್‌ಗಿಂತ ಜಾಸ್ತಿ ಸಮಯ ಹಿಡಿದಿದ್ದು ಟೇಬಲ್‌ನಿಂದ ಟೇಬಲ್‌ಗೆ ಓಡಾಟ. "ಆಡಿಟ್‌ಗೆ ಬೇಕಾಗತ್ತೆ ಸಾರ್" ಅಂತ ಯಾರೂ ಅಳಿಸಲು ಒಪ್ಪುತ್ತಿರಲಿಲ್ಲ. ಮೇಲಿನವರ ಮುಂದೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಇಟ್ಟೆ. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ. ಅವತ್ತೇ ಸುತ್ತೋಲೆ ಬಂತು. ಬೇಕಾದ್ದು ಒಂದೇ ಸರ್ವರ್‌ಗೆ, ಲಾಗಿನ್ ಇದ್ದವರಿಗೆ ಮಾತ್ರ. ಬೇರೆ ಕಡೆ ಆಧಾರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ. ನಾಲ್ಕೈದು ತಿಂಗಳಲ್ಲಿ ಪಟ್ಟಿ ಅರವತ್ತು ಫೈಲ್‌ಗೆ ಇಳಿಯಿತು. ಇದನ್ನು ನಾನೊಬ್ಬನೇ ಮಾಡಿದ್ದು ಅಂತ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ವೆಬ್‌ಸೈಟ್‌ನ ಅಪ್‌ಲೋಡ್ ಫೋಲ್ಡರ್‌ಗೆ ಮಾತ್ರ ರಾತ್ರಿವರೆಗೆ ಕಾಯುವ ಹಾಗಿಲ್ಲ. ಅಲ್ಲಿಗೆ ಬಂದ ಫೈಲು ಮೊದಲು ತಪಾಸಣೆಗೆ ನಿಲ್ಲುತ್ತದೆ, ಪಾಸಾದರೆ ಮಾತ್ರ ಹೊರಗೆ ಕಾಣುತ್ತದೆ. ಕಳೆದ ಪರೀಕ್ಷೆ ಸಮಯದಲ್ಲಿ ಸಂಜೆ ಐದೂವರೆಗೆ ಅದೇ ಗುಮಾಸ್ತರ ಫೋನ್. "ಸಾರ್, ಈಗ ತಾನೇ ಹಾಕಿದ ಪಟ್ಟಿ ಸೈಟಲ್ಲಿ ಕಾಣ್ತಾನೇ ಇಲ್ಲ." ತೆಗೆದು ನೋಡಿದೆ. ಮೊದಲ ಶೀಟ್ ಬರೀ ಅಂಕಪಟ್ಟಿ, ಅದರ ಹಿಂದೆ ಹೈಡ್ ಆದ ಇನ್ನೊಂದು ಶೀಟ್, ಅದರ ತುಂಬ ಆಧಾರ್. "ಸಾರ್, ಎರಡನೇ ಶೀಟ್ ಅಳಿಸಿ ಇನ್ನೊಂದ್ಸಲ ಹಾಕಿ" ಅಂದೆ. ಹತ್ತು ನಿಮಿಷಕ್ಕೆ ಪಟ್ಟಿ ಸೈಟ್‌ಗೆ ಬಂತು.