ಬುಧವಾರದ ರೇಸು ಮತ್ತು ಅಡ್ಡಗಾಳಿ: ನನ್ನ ಅನುಭವ

ಮೂರು ವರ್ಷ ನಾನೂ ಎಲ್ಲರ ಹಾಗೆ ಸೈಕಲ್ ತುಳಿದು ಕಿಲೋಮೀಟರ್ ಎಣಿಸುತ್ತಿದ್ದೆ. ಗದಗದಿಂದ ಹುಬ್ಬಳ್ಳಿಗೆ ಹೋಗಿ ಬಂದರೆ 115ರ ಆಸುಪಾಸು. ಭಾನುವಾರ ಅಷ್ಟು ತುಳಿದರೆ ವಾರಕ್ಕೆ ಸಾಕು ಅಂದುಕೊಂಡಿದ್ದೆ. ಕಾಲಿಗೆ ಬಲವೇನೋ ಬಂತು. ಆದರೆ ಪ್ರತಿ ರೇಸಿನಲ್ಲೂ ಕೊನೆಯ 5 ಕಿಲೋಮೀಟರಿಗೆ ಗುಂಪು ನನ್ನನ್ನು ಬಿಟ್ಟು ಹೋಗುತ್ತಿತ್ತು. ಪ್ರವೇಶ ಶುಲ್ಕ, ಬಸ್ಸು, ರೂಮು ಎಲ್ಲಾ ಸೇರಿ ಒಂದು ರೇಸಿಗೆ 2,500 ರೂಪಾಯಿ ಖರ್ಚು. ವರ್ಷಕ್ಕೆ ನಾಲ್ಕು ರೇಸು. ಒಂದರಲ್ಲಿ ಮಾಡಿದ ತಪ್ಪನ್ನು ತಿದ್ದಿ ನೋಡಬೇಕಂದ್ರೆ ಮತ್ತೆ ಮೂರು ತಿಂಗಳು ಕಾಯಬೇಕಿತ್ತು.

ಅದಕ್ಕೇ ಬುಧವಾರ ಸಂಜೆ ನಮ್ಮ ನಮ್ಮಲ್ಲೇ ರೇಸು ಶುರು ಮಾಡಿದೆವು. ಆರು ಜನ. ರೋಣ ರಸ್ತೆಯಲ್ಲಿ ಊರು ದಾಟಿದ ಮೇಲೆ 12 ಕಿಲೋಮೀಟರ್ ಹೋಗಿ, ಅಷ್ಟೇ ವಾಪಸ್. ಕೊನೆಗೆ ಬಂದವನು ಎಲ್ಲರಿಗೂ ಗಿರ್ಮಿಟ್, ಮಿರ್ಚಿ ಕೊಡಿಸಬೇಕು. ನಮಗಿಂತ ಹಿರಿಯರಾದ ಒಬ್ಬ ಕಾಕಾ ಇದನ್ನು ಕೇಳಿ ನಕ್ಕಿದ್ದರು. "ಆಡಕೊಂತ ಸೈಕಲ್ ಹೊಡದ್ರ ರೇಸ್ ಗೆಲ್ಲಾಕ ಆಕ್ಕತೇನು ತಮ್ಮಾ? ದಿನಾ 60 ಕಿಲೋಮೀಟರ್ ತುಳಿ, ತಾನ ಬರ್ತದ."

ಮೊದಲ ಎರಡು ತಿಂಗಳು ಕಾಕಾನ ಮಾತೇ ಖರೆ ಅನ್ನಿಸಿತು. ಬಿಟ್ಟ ಕೂಡಲೇ ಎಲ್ಲರೂ ಮೈಮುರಿದು ತುಳಿಯುವುದು, ಬಲ ಇದ್ದವನು ಗೆಲ್ಲುವುದು, ಅಷ್ಟೇ. ಆಮೇಲೆ ಒಂದು ನಿಯಮ ತಂದೆ. ಒಬ್ಬೊಬ್ಬರಿಗೆ ಒಂದೇ ಜಿಗಿತ, ಅಂದರೆ ಗುಂಪು ಬಿಟ್ಟು ಮುಂದೆ ನುಗ್ಗೋದು ಒಂದೇ ಸಲ. ಅದು ಫೇಲಾದರೆ ಕೊನೆಯ ಸ್ಪ್ರಿಂಟ್ ತನಕ ಮತ್ತೆ ಜಿಗಿಯುವಂತಿಲ್ಲ. ಅವತ್ತಿನಿಂದ ಎಲ್ಲರೂ ಯೋಚನೆ ಮಾಡಿ ತುಳಿಯತೊಡಗಿದರು. ಮಿರ್ಚಿ ತಿನ್ನುತ್ತಾ ಯಾರು ಯಾವಾಗ ಏನು ಲೆಕ್ಕ ಹಾಕಿದ್ದರು ಅಂತ ಒಬ್ಬೊಬ್ಬರೂ ಬಾಯಿ ಬಿಟ್ಟು ಹೇಳಬೇಕು. ನನ್ನ ಪ್ರಕಾರ ಅರ್ಧ ಕಲಿಕೆ ಆ ಅಂಗಡಿಯ ಮುಂದೆಯೇ ಆಗಿದೆ.

ಉಳಿದರ್ಧ ಕಲಿಸಿದ್ದು ಗಾಳಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರೋದು ಸುಮ್ನೆ ಅಲ್ಲ. ಆಷಾಢದಲ್ಲಿ ಪಶ್ಚಿಮದಿಂದ ಬೀಸಿದರೆ, ಉತ್ತರಕ್ಕೆ ಹೋಗುವ ರೋಣ ರಸ್ತೆಗೆ ಅದು ಅಡ್ಡಗಾಳಿ. ಎರೆ ಹೊಲದಲ್ಲಿ ಮರೆಗೆ ಒಂದು ಮರವೂ ಇಲ್ಲ. ಎದುರುಗಾಳಿಯಲ್ಲಿ ಮುಂದಿನವನ ನೇರ ಹಿಂದೆ ನಿಂತರೆ ಸುಮಾರು ಮೂರರಲ್ಲಿ ಒಂದು ಪಾಲು ಶ್ರಮ ಉಳಿಯುತ್ತದೆ ಅನ್ನೋದು ನಿಮಗೆಲ್ಲ ಗೊತ್ತು. ಅಡ್ಡಗಾಳಿಯಲ್ಲಿ ಮರೆ ಸಿಗೋದು ಹಿಂದೆ ಅಲ್ಲ, ಓರೆಯಾಗಿ. ಹೋಗುವಾಗ ಗಾಳಿ ಎಡಕ್ಕೆ, ಮರೆ ಬಲಕ್ಕೆ, ಅಂದರೆ ಲಾರಿ ಬರುವ ಕಡೆ. ಅದಕ್ಕೆ ಹೋಗುವಾಗ ಸಾಲಾಗಿ ಹೋಗುತ್ತೇವೆ, ಆಟ ಇಲ್ಲ. ಬರುವಾಗ ಗಾಳಿ ಬಲಕ್ಕೆ, ಮರೆ ಎಡಕ್ಕೆ. ರೇಸು ಶುರುವಾಗೋದೇ ಅಲ್ಲಿ. ಮುಂದಿದ್ದವನು ರಸ್ತೆಯ ಎಡ ಅಂಚಿಗೆ ಹೋದನೆಂದರೆ ಹಿಂದಿನವರಿಗೆ ಮರೆ ಹಿಡಿಯಲು ಜಾಗವೇ ಇಲ್ಲ. ನೇರ ಹಿಂದೆ ನಿಂತು ಪೂರ್ತಿ ಗಾಳಿ ತಿನ್ನಬೇಕು. ಎರಡು ಕಿಲೋಮೀಟರಿಗೆ ಸಾಲು ತುಂಡಾಗುತ್ತದೆ.

ಇದನ್ನು ಕಲಿಯುವಾಗ ಬಿದ್ದೆ ಕೂಡ. ಓರೆಯಾಗಿ ನಿಂತಾಗ ನನ್ನ ಮುಂಚಕ್ರ ಮುಂದಿನವನ ಹಿಂಚಕ್ರದ ಪಕ್ಕದಲ್ಲಿರುತ್ತದೆ. ಅವನು ಗುಂಡಿ ತಪ್ಪಿಸಲು ಎಡಕ್ಕೆ ಎಳೆದ, ಟೈರಿಗೆ ಟೈರ್ ತಾಗಿ 'ಝರ್' ಅಂದಿದ್ದು ಕೇಳಿಸಿತು, ಅಷ್ಟರಲ್ಲಿ ನಾನು ಹೊಲದಲ್ಲಿದ್ದೆ. ಮಣಿಕಟ್ಟು ಆರು ವಾರ ಕಟ್ಟಿನಲ್ಲಿ. ರಿಮ್, ಗೇರ್ ಬದಲಿಸುವ ಡಿರೇಲರ್ ಸೇರಿ 3,800 ರೂಪಾಯಿಯೋ ಏನೋ. ಈಗ ಸರಿಯುವ ಮೊದಲು ಕೂಗದವನನ್ನು ಮುಂದೆ ಬಿಡುವುದಿಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ಜಾಲಿ ಮುಳ್ಳಿನ ಕಾಟಕ್ಕೆ ದಪ್ಪ ಟೈರ್ ಹಾಕಿ ನೋಡಿದೆ. ಪಂಕ್ಚರ್ ನಿಂತಿತು, ವೇಗವೂ ನಿಂತಿತು, ತೆಗೆದುಹಾಕಿದೆ. ಒಂದು ತಿಂಗಳು ಎಲ್ಲರೂ ಒಂದೇ ಗೇರಿನಲ್ಲಿ ಓಡಿಸಿದೆವು. ಅದು ತುಂಬಾ ಉಪಯೋಗವಾಯಿತು. ಗೇರ್ ಬದಲಿಸುವಂತಿಲ್ಲ ಅಂದಾಗ ಕಣ್ಣು ಬೇರೆಯವರ ಕಾಲಿನ ಮೇಲೆ ಹೋಗುತ್ತದೆ. ನಿಧಾನದವರನ್ನು 2 ನಿಮಿಷ ಮೊದಲು ಬಿಡುವುದೂ ಒಳ್ಳೆಯದೇ. ಬೆನ್ನಟ್ಟುವಾಗ ಹಂಚಿಕೊಂಡು ತುಳಿಯುವುದು ಬರುತ್ತದೆ.

ಹೋದ ಡಿಸೆಂಬರಿನಲ್ಲಿ ಪಕ್ಕದ ಜಿಲ್ಲೆಯ ರೇಸು. 60 ಕಿಲೋಮೀಟರ್, ಸುಮಾರು 40 ಜನ. ಕೊನೆಯ 8 ಕಿಲೋಮೀಟರ್ ಗಾಳಿ ಬಲದಿಂದ. ಮುಂದೆ ಹೋಗಿ, ಎಡಕ್ಕೆ ಒಬ್ಬನಿಗೆ ಮಾತ್ರ ಜಾಗ ಬಿಟ್ಟು ಹಿಡಿದೆ. ಆ ಜಾಗಕ್ಕೆ ನಮ್ಮ ಬುಧವಾರದ ಹುಡುಗ ಬಂದ. ಸರದಿ ಮೇಲೆ ತುಳಿದೆವು. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ನಮ್ಮ ಬೆನ್ನಿಗೆ ಅಂಟಿಕೊಂಡು ಉಳಿದವರು ಐದೇ ಜನ. ಅವನು ಎರಡನೇ ಸ್ಥಾನ, ನಾನು ಮೂರನೇ. ಕೈಗೆ 5,000 ರೂಪಾಯಿ ಬಂತು. ನನಗಿಂತ ಬಲ ಇದ್ದವರು ಆ ರೇಸಿನಲ್ಲಿ ಹದಿನೈದು ಜನರಾದರೂ ಇದ್ದರು, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಯಾವ ಗುರುತು ನೋಡಿ ಅಂಚು ಹಿಡಿಯುತ್ತೇನೆ ಅನ್ನೋದನ್ನು ಮಾತ್ರ ಬರೆಯಲ್ಲ. ಬುಧವಾರದವರೂ ಇದನ್ನು ಓದುತ್ತಾರೆ.

ಈಗ ಒಂಬತ್ತು ಜನ ಆಗಿದ್ದೇವೆ. ಹೆಸರು ಕೊಯ್ಲಿಗೆ ಬಂದಾಗ ರೈತರು ರಸ್ತೆ ಮೇಲೆ ಒಣಹಾಕುತ್ತಾರೆ, ಆಗ ಮೂರು ವಾರ ರೇಸು ಬಂದ್. ಆ ಮೂರು ವಾರ ಕಾಕಾ ಹೇಳಿದ ಹಾಗೆ ಕಿಲೋಮೀಟರ್ ತುಳಿಯುತ್ತೇನೆ.