ಹಳೆ ಕಂಪ್ಯೂಟರ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್ ಕೈಕೊಟ್ಟಾಗ

ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಐಕಾನ್‌ಗಳೆಲ್ಲ ಊದಿಕೊಂಡಿರುತ್ತವೆ. ಅಕ್ಷರ ಮಸುಕು. ವಿಡಿಯೊ ಹಾಕಿದರೆ ತಡೆದು ತಡೆದು ಓಡುತ್ತದೆ. ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನು ವಿಂಡೋಸ್ ಬಳಸಲು ಬೇಕಾದ ತಂತ್ರಾಂಶ, ಹಾಕಲು ಹೋದರೆ 'ಹೊಂದುವ ಹಾರ್ಡ್‌ವೇರ್ ಸಿಗಲಿಲ್ಲ' ಎಂಬ ಸಂದೇಶ ಬಂದು ಕೆಲಸ ಅಲ್ಲಿಗೇ ನಿಲ್ಲುತ್ತದೆ. ಎಂಟು ಹತ್ತು ವರ್ಷದ ಕಂಪ್ಯೂಟರ್ ಇಟ್ಟುಕೊಂಡವರಿಗೆ ಇದು ಹೊಸದಲ್ಲ.

ಇಂಥ ಹೊತ್ತಿನಲ್ಲಿ ಬಹಳ ಜನ ಮಾಡುವುದು ಎರಡೇ ಕೆಲಸ. ಒಂದು, ಕಂಪನಿಯ ಜಾಲತಾಣದಲ್ಲಿ ಕಂಡ ಅತಿ ಹೊಸ ಡ್ರೈವರ್ ಇಳಿಸಿಕೊಳ್ಳುವುದು. ಎರಡು, ಅದು ಆಗದಿದ್ದರೆ ವಿಂಡೋಸ್ ಅನ್ನೇ ಅಳಿಸಿ ಮತ್ತೆ ಹಾಕಿಸುವುದು. ಡಿಟಿಪಿ ಅಂಗಡಿಗಳಲ್ಲಿ, ಶಾಲೆಯ ಲ್ಯಾಬ್‌ಗಳಲ್ಲಿ ಇದನ್ನೇ ನೋಡಿದ್ದೇನೆ. ಎರಡರಿಂದಲೂ ಉಪಯೋಗ ಕಡಿಮೆ. ಹಳೆ ಕಾರ್ಡಿಗೆ ಹೊಸ ಡ್ರೈವರ್ ಬೇಡ. ಅದಕ್ಕೆಂದೇ ಕಂಪನಿ ಕೊನೆಯದಾಗಿ ಬಿಟ್ಟ ಡ್ರೈವರ್ ಒಂದಿರುತ್ತದೆ. ಅದನ್ನು ಹುಡುಕಿ, ಹಳೆಯದರ ಕುರುಹು ಇಲ್ಲದಂತೆ ತೆಗೆದು, ಇಂಟರ್ನೆಟ್ ಇಲ್ಲದೆ ಹಾಕಬೇಕು. ಕೆಲಸ ಇಷ್ಟೇ, ಆದರೆ ಕ್ರಮ ತಪ್ಪಬಾರದು.

ಹಂತ 1: ಮೊದಲು ಕೇಬಲ್, ದೂಳು, ದಿನಾಂಕ

ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಸೇರಿದೆಯೇ ನೋಡಿ. ಮದರ್‌ಬೋರ್ಡಿನ ವಿಜಿಎ ಪೋರ್ಟ್‌ಗೆ ಹಾಕಿಕೊಂಡು ಕಾರ್ಡ್ ಹಾಳಾಗಿದೆ ಅಂದುಕೊಳ್ಳುವವರು ಜಾಸ್ತಿ. ಆಮೇಲೆ ಪವರ್ ಕೇಬಲ್ ಕಿತ್ತು, ಕಾರ್ಡ್ ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ. ರಬ್ಬರ್ ಪುಡಿ ಊದಿ ತೆಗೆದು, ಕಾರ್ಡನ್ನು ಸ್ಲಾಟ್‌ನಲ್ಲಿ ಪೂರ್ತಿ ಕೂರಿಸಿ. ಗಡಿಯಾರ ಹಿಂದೆ ಹೋಗಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಬದಲಿಸಿ. ದಿನಾಂಕ ತಪ್ಪಿದ್ದರೆ ಡ್ರೈವರ್ ಇಳಿಸುವ ಜಾಲತಾಣವೇ ಸರಿಯಾಗಿ ತೆರೆಯುವುದಿಲ್ಲ.

ಹಂತ 2: ಕಾರ್ಡ್ ಯಾವುದು ಎಂದು ಖಚಿತ ಮಾಡಿಕೊಳ್ಳಿ

ಡಬ್ಬದ ಮೇಲಿನ ಹೆಸರನ್ನು ನಂಬಿ ಮುಂದೆ ಹೋಗಬೇಡಿ. ಫ್ಯಾನ್ ಮೇಲಿನ ಸ್ಟಿಕ್ಕರನ್ನೂ ನಂಬಬೇಡಿ. ವಿಂಡೋಸ್ 10ರಲ್ಲಿ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗಿರುವುದರ ಪ್ರಾಪರ್ಟೀಸ್‌ಗೆ ಹೋಗಿ. ಅಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಷ್ಟೇ ಇದ್ದರೂ ಗಾಬರಿ ಬೇಡ, ಒಳಗೆ ಗುರುತು ಸಿಗುತ್ತದೆ. ಡೀಟೇಲ್ಸ್ ಟ್ಯಾಬ್‌ನಲ್ಲಿ 'ಹಾರ್ಡ್‌ವೇರ್ ಐಡಿಸ್' ಆರಿಸಿ.

ಬರುವ ಸಾಲಿನಲ್ಲಿ ಎರಡು ಭಾಗ ಮುಖ್ಯ. 'ವೆನ್' ಎಂಬುದರ ಮುಂದೆ 10ಡಿಇ ಇದ್ದರೆ ಎನ್‌ವಿಡಿಯಾ, 1002 ಇದ್ದರೆ ಎಎಂಡಿ, 8086 ಇದ್ದರೆ ಇಂಟೆಲ್ ಕಂಪನಿಯ ಚಿಪ್. 'ಡೆವ್' ಎಂಬುದರ ಮುಂದಿನ ನಾಲ್ಕು ಅಕ್ಷರ ಚಿಪ್‌ನ ಗುರುತು. ಇವನ್ನು ಚೀಟಿಯಲ್ಲಿ ಬರೆದಿಡಿ.

ಇಷ್ಟು ಕಷ್ಟ ಯಾಕೆ ಅಂದರೆ, ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಿಪ್‌ಗಳು ಮಾರಾಟವಾಗಿವೆ. ಎನ್‌ವಿಡಿಯಾದ ಜಿಟಿ 730 ಕಾರ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. 'ಡೆವ್' ಮುಂದೆ 1287 ಇದ್ದರೆ ಅದು ಕೆಪ್ಲರ್ ಎಂಬ ಚಿಪ್ ಪೀಳಿಗೆಯದು. 0ಎಫ್02 ಇದ್ದರೆ ಅದಕ್ಕಿಂತ ಹಿಂದಿನ ಫರ್ಮಿ. ಎರಡಕ್ಕೂ ಡ್ರೈವರ್ ಬೇರೆ. ಅಂಗಡಿಯಲ್ಲಿ ಎರಡೂ ಬರೀ ಜಿಟಿ 730. ಎಎಂಡಿಯಲ್ಲೂ ಹೀಗೇ. ಬ್ರ್ಯಾಂಡ್ ಕಂಪ್ಯೂಟರ್‌ಗಳ ಜೊತೆ ಬಂದ ಎಚ್‌ಡಿ 7570 ಕಾರ್ಡಿನ ಹೆಸರು ಏಳು ಸಾವಿರದ ಸಾಲಿನದು, ಒಳಗಿನ ಚಿಪ್ ಆರು ಸಾವಿರದ ಕಾಲದ್ದು.

ಜನರಲ್ ಟ್ಯಾಬ್‌ನಲ್ಲಿರುವ ಕೋಡ್ ಸಂಖ್ಯೆಯನ್ನೂ ಬರೆದುಕೊಳ್ಳಿ. 28 ಎಂದರೆ ಡ್ರೈವರ್ ಇಲ್ಲ. 52 ಎಂದರೆ ಡ್ರೈವರ್ ಅಸಲಿ ಎಂದು ತೋರಿಸುವ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ. 43 ಎಂದರೆ ಕಾರ್ಡ್ ತೊಂದರೆ ಹೇಳಿಕೊಂಡಿತು, ವಿಂಡೋಸ್ ಅದನ್ನು ನಿಲ್ಲಿಸಿತು. 43 ಕಂಡ ಕೂಡಲೇ 'ಕಾರ್ಡ್ ಸತ್ತಿದೆ, ಹೊಸದು ತಗೊಳ್ಳಿ' ಎನ್ನುವ ರಿಪೇರಿಯವರಿದ್ದಾರೆ. ಒಪ್ಪಿಕೊಳ್ಳಬೇಡಿ. ಡ್ರೈವರ್ ಕಲಸುಮೇಲೋಗರ ಆದಾಗಲೂ ಅದೇ ಸಂಖ್ಯೆ ಬರುತ್ತದೆ.

ಹಂತ 3: ನಿಮ್ಮ ಕಾರ್ಡಿನ ಕೊನೆಯ ಡ್ರೈವರ್ ಹುಡುಕಿ

ಎನ್‌ವಿಡಿಯಾ ಕಾರ್ಡುಗಳ ಲೆಕ್ಕ ಸರಳ. ಜಿಫೋರ್ಸ್ 210, 8400ಜಿಎಸ್, 9500ಜಿಟಿಯಂಥ ಹಳಬರಿಗೆ 2016ರ ಡಿಸೆಂಬರ್‌ನಲ್ಲಿ ಬಂದ 342.01 ಕೊನೆ. 400 ಮತ್ತು 500 ಸರಣಿ, ಜಿಟಿ 610, ಫರ್ಮಿ ಚಿಪ್‌ನ ಜಿಟಿ 730 ಇವಕ್ಕೆ 2018ರ 391.35. ಜಿಟಿ 710 ಸೇರಿ ಕೆಪ್ಲರ್ ಪೀಳಿಗೆಗೆ 470ರ ಶಾಖೆ, ಅಂದರೆ ಸಂಖ್ಯೆ 47ರಿಂದ ಶುರುವಾಗುವ ಡ್ರೈವರ್‌ಗಳು. ಆ ಕಾರ್ಡುಗಳಿಗೆ ಮಾಮೂಲಿ ಡ್ರೈವರ್ 2021ರ ಅಕ್ಟೋಬರ್‌ಗೆ ನಿಂತಿತು, ಭದ್ರತೆಯ ತಿದ್ದುಪಡಿಗಳು 2024ರ ಸೆಪ್ಟೆಂಬರ್‌ವರೆಗೆ ಬಂದವು. ಜಿಟಿಎಕ್ಸ್ 750 ಟಿಐ, 900 ಸರಣಿ, 1050 ಟಿಐ ಇರುವವರೂ ಈಗ ಈ ಸಾಲಿಗೆ ಬಂದಿದ್ದೀರಿ. ನಿಮಗೆ 580ರ ಶಾಖೆಯೇ ಕೊನೆ.

ಎಎಂಡಿ ತನ್ನ ಎಚ್‌ಡಿ 5000, 6000 ಸರಣಿಗಳನ್ನು 2015ರ ನವೆಂಬರ್‌ನಲ್ಲೇ ಹಳೆಯ ಪಟ್ಟಿಗೆ, ಅಂದರೆ ಹೊಸ ಡ್ರೈವರ್ ಬಾರದವುಗಳ ಸಾಲಿಗೆ, ಸೇರಿಸಿತು. ಎಚ್‌ಡಿ 7000 ಸರಣಿಯಲ್ಲಿ ಹಳೆ ಚಿಪ್ ಇಲ್ಲದ ಉಳಿದವು 2021ರ ಜೂನ್‌ನಲ್ಲಿ ಸೇರಿದವು. ಲ್ಯಾಪ್‌ಟಾಪ್ ಆದರೆ ಚಿಪ್ ಕಂಪನಿಗಿಂತ ಮೊದಲು ಲ್ಯಾಪ್‌ಟಾಪ್ ತಯಾರಿಸಿದವರ ಜಾಲತಾಣದಲ್ಲಿ ನಿಮ್ಮ ಮಾದರಿಯ ಪುಟ ನೋಡಿ.

ವಿಂಡೋಸ್ 32 ಬಿಟ್ಟೋ 64 ಬಿಟ್ಟೋ ಎಂಬುದನ್ನೂ ನೋಡಿಕೊಳ್ಳಿ. ನುಡಿಯಲ್ಲಿ ಟೈಪ್ ಮಾಡಿ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವ ಡಿಟಿಪಿ ಅಂಗಡಿಗಳಲ್ಲಿ ವಿಂಡೋಸ್ 7ರ 32 ಬಿಟ್ ಇನ್ನೂ ಓಡುತ್ತಿದೆ. ಎನ್‌ವಿಡಿಯಾ 390ರ ಶಾಖೆಯ ನಂತರ 32 ಬಿಟ್ಟಿಗೆ ಡ್ರೈವರ್ ಕೊಡುವುದನ್ನೇ ನಿಲ್ಲಿಸಿತು. ಹಾಗಾಗಿ ಅಂಥ ಕಂಪ್ಯೂಟರ್‌ನಲ್ಲಿ ಜಿಟಿ 710 ಇದ್ದರೂ 391.35ರ 32 ಬಿಟ್ ಆವೃತ್ತಿಯೇ ಗತಿ. 470ನ್ನು ಇಳಿಸಿಕೊಂಡು ಗುದ್ದಾಡಿ ಪ್ರಯೋಜನವಿಲ್ಲ.

ವಿಂಡೋಸ್ 7ರಲ್ಲಿ ಕೋಡ್ 52 ಬಂದಿದ್ದರೆ ಡ್ರೈವರ್‌ನದ್ದು ತಪ್ಪಲ್ಲ. ಹೊಸ ಬಗೆಯ ಸಹಿಯನ್ನು ಓದಲು ಆ ವಿಂಡೋಸ್‌ಗೆ ಬರುವುದಿಲ್ಲ. ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಕ್ಯಾಟಲಾಗ್‌ನಿಂದ ಮೊದಲು ಕೆಬಿ4490628, ಆಮೇಲೆ ಕೆಬಿ4474419 ಎಂಬ ಅಪ್‌ಡೇಟ್‌ಗಳನ್ನು ಹಾಕಿ. ಅದರ ಬದಲು ಸಹಿ ಪರೀಕ್ಷೆಯನ್ನೇ ಬಂದ್ ಮಾಡುವ ಅಡ್ಡದಾರಿ ತೋರಿಸುವ ವಿಡಿಯೊಗಳಿವೆ. ಆ ದಾರಿ ಬೇಡ. ಬಾಗಿಲು ಡ್ರೈವರ್‌ಗೆ ತೆರೆದರೆ ವೈರಸ್‌ಗೂ ತೆರೆದಿರುತ್ತದೆ.

ಇನ್ನೊಂದು ಮಾತು. 'ಒಂದೇ ಕ್ಲಿಕ್‌ನಲ್ಲಿ ಎಲ್ಲ ಡ್ರೈವರ್ ಸರಿ' ಎಂದು ಹೇಳುವ ಡ್ರೈವರ್ ಅಪ್‌ಡೇಟರ್ ತಂತ್ರಾಂಶಗಳನ್ನು ಹತ್ತಿರ ಸೇರಿಸಬೇಡಿ. ಹಣ ಕೇಳುತ್ತವೆ, ಜಾಹೀರಾತು ತುಂಬುತ್ತವೆ, ಕಾರ್ಡಿಗೆ ಸಂಬಂಧವಿಲ್ಲದ ಆವೃತ್ತಿ ಹಾಕಿ ಚೆನ್ನಾಗಿದ್ದ ಸೌಂಡನ್ನೂ ಕೆಡಿಸುತ್ತವೆ. ಡ್ರೈವರ್ ಬೇಕಿದ್ದರೆ ಕಾರ್ಡಿನ ಅಥವಾ ಲ್ಯಾಪ್‌ಟಾಪ್‌ನ ಕಂಪನಿಯ ಜಾಲತಾಣವೇ ಜಾಗ. ಅಲ್ಲಿ ಹಳೆ ಡ್ರೈವರ್‌ಗಳೂ ಇರುತ್ತವೆ, ಮಾದರಿ ಆರಿಸಿ ಹುಡುಕುವ ತಾಳ್ಮೆ ಬೇಕು ಅಷ್ಟೇ.

ಹಂತ 4: ಹಳೆಯದನ್ನು ಬೇರುಸಮೇತ ತೆಗೆಯುವುದು

ಹೆಚ್ಚಿನವರು ಎಡವುವುದು ಇಲ್ಲೇ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಒತ್ತಿ, ರೀಸ್ಟಾರ್ಟ್ ಮಾಡಿ, ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಮತ್ತೆ ಅದೇ ಕೋಡ್ 43. ಹಳೆ ಸುಣ್ಣ ಕೆರೆಯದೆ ಮೇಲೆ ಹೊಸ ಬಣ್ಣ ಬಳಿದ ಹಾಗೆ ಆಗುತ್ತದೆ.

ಒಳಗೆ ನಡೆಯುವುದು ಇದು. ವಿಂಡೋಸ್ ತಾನು ಕಂಡ ಡ್ರೈವರ್‌ಗಳ ಪ್ರತಿಯನ್ನು ಡ್ರೈವರ್ ಸ್ಟೋರ್ ಎಂಬ ಫೋಲ್ಡರ್‌ನಲ್ಲಿ ಇಟ್ಟುಕೊಂಡಿರುತ್ತದೆ. ನೀವು ಅನ್‌ಇನ್‌ಸ್ಟಾಲ್ ಮಾಡಿದರೂ ಆ ಪ್ರತಿ ಉಳಿಯಬಹುದು. ರೀಸ್ಟಾರ್ಟ್ ಆದಾಗ 'ಈ ಕಾರ್ಡಿಗೆ ಡ್ರೈವರ್ ಇಲ್ಲ' ಎಂದು ವಿಂಡೋಸ್ ಆ ಹಳೆಯದನ್ನೇ ಎತ್ತಿ ಹಾಕುತ್ತದೆ. ಇಂಟರ್ನೆಟ್ ಇದ್ದರೆ ಇನ್ನೂ ಕಷ್ಟ. ನೀವು ಇನ್‌ಸ್ಟಾಲರ್ ಓಡಿಸುತ್ತಿರುವಾಗಲೇ ವಿಂಡೋಸ್ ಅಪ್‌ಡೇಟ್ ಹಿಂದಿನಿಂದ ತನ್ನದೊಂದು ಆವೃತ್ತಿ ಇಳಿಸುತ್ತದೆ. ಎರಡರ ಫೈಲ್‌ಗಳು ಬೆರೆತು ಯಾವುದೂ ಓಡುವುದಿಲ್ಲ.

ಆದ್ದರಿಂದ ಈ ಕ್ರಮ. ಮೊದಲು ಬೇಕಾದದ್ದನ್ನೆಲ್ಲ ಇಳಿಸಿ ಒಂದು ಫೋಲ್ಡರ್‌ನಲ್ಲಿ ಇಡಿ. ಸರಿಯಾದ ಡ್ರೈವರ್, ಜೊತೆಗೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ತಂತ್ರಾಂಶ. ಇದನ್ನು ಎಲ್ಲರೂ ಡಿಡಿಯು ಎನ್ನುತ್ತಾರೆ. ಅದನ್ನು ಮಾಡಿದ ವಾಗ್ನಾರ್ಡ್‌ಸಾಫ್ಟ್‌ನ ಜಾಲತಾಣದಿಂದಲೇ ತೆಗೆದುಕೊಳ್ಳಿ. ಜಿಪ್ ಫೈಲನ್ನು ಬಿಚ್ಚಿ ಇಡಿ. ಮುಖ್ಯ ಕಡತಗಳನ್ನು ಪೆನ್ ಡ್ರೈವ್‌ಗೆ ನಕಲಿಸಿ, ಕೆಟ್ಟರೆ ವಿಂಡೋಸ್ ಅನ್ನು ಈಗಿನ ಸ್ಥಿತಿಗೆ ತರಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿ.

ಈಗ ಇಂಟರ್ನೆಟ್ ತೆಗೆಯಿರಿ. ಲ್ಯಾನ್ ಕೇಬಲ್ ಕಿತ್ತಿಡಿ. ವೈಫೈ ಡಾಂಗಲ್ ಇದ್ದರೆ ಕೀಳಿ. ಮೊಬೈಲನ್ನು ಯುಎಸ್‌ಬಿಗೆ ಸಿಕ್ಕಿಸಿ ನೆಟ್ ಕೊಟ್ಟಿದ್ದರೆ ಅದನ್ನೂ ಬಿಡಿಸಿ. ಬರೀ ಬ್ರೌಸರ್ ಮುಚ್ಚಿದರೆ ಸಾಲದು.

ಆಮೇಲೆ ಸೇಫ್ ಮೋಡ್, ಅಂದರೆ ವಿಂಡೋಸ್ ತೀರಾ ಬೇಕಾದ್ದರ ಜೊತೆ ಮಾತ್ರ ಓಡುವ ಸ್ಥಿತಿ. ಶಿಫ್ಟ್ ಕೀ ಒತ್ತಿ ಹಿಡಿದೇ ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 4 ಒತ್ತಿ. ನೆಟ್‌ವರ್ಕಿಂಗ್ ಇರುವ 5 ಬೇಡ. ವಿಂಡೋಸ್ 7 ಆದರೆ ಆನ್ ಆಗುವಾಗ ಎಫ್8 ಒತ್ತುತ್ತಾ ಇರಿ. ಸೇಫ್ ಮೋಡ್ ಕೆಲವೊಮ್ಮೆ ಪಿನ್ ಒಪ್ಪುವುದಿಲ್ಲ. ಖಾತೆಯ ಪಾಸ್‌ವರ್ಡ್ ಗೊತ್ತಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಅಂಗಡಿಯ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಇನ್ಯಾರಿಗೋ ಗೊತ್ತಿರುತ್ತದೆ, ಅವರು ಊರಲ್ಲಿರುವುದಿಲ್ಲ.

ಡಿಡಿಯು ತೆರೆದು, ಬಲಗಡೆ ಜಿಪಿಯು (ಗ್ರಾಫಿಕ್ಸ್ ಚಿಪ್) ಆರಿಸಿ, ಕಂಪನಿಯ ಹೆಸರು ಸರಿಯಿದೆಯೇ ನೋಡಿ. 'ಕ್ಲೀನ್ ಅಂಡ್ ರೀಸ್ಟಾರ್ಟ್' ಒತ್ತಿ. ಹಿಂದೆ ಬೇರೆ ಕಂಪನಿಯ ಕಾರ್ಡ್ ಇದ್ದಿದ್ದರೆ ಅದರದ್ದನ್ನೂ ಹೀಗೇ ತೆಗೆಯಿರಿ. 'ವಿಂಡೋಸ್ ಅಪ್‌ಡೇಟ್‌ನಿಂದ ಡ್ರೈವರ್ ಬರುವುದನ್ನು ತಡೆ' ಎಂಬ ಆಯ್ಕೆ ಡಿಡಿಯುನಲ್ಲೇ ಇದೆ, ಕ್ಲೀನ್ ಒತ್ತುವ ಮೊದಲೇ ಅದಕ್ಕೆ ಟಿಕ್ ಹಾಕಿ.

ಕಂಪ್ಯೂಟರ್ ಮತ್ತೆ ಆನ್ ಆದಾಗ ಐಕಾನ್‌ಗಳು ಊದಿಕೊಂಡೇ ಇರುತ್ತವೆ. ಅದು ಸರಿ, ಡ್ರೈವರ್ ಹೋಗಿದೆ ಎಂದರ್ಥ. ಈ ಹೊತ್ತಿನಲ್ಲಿ ಆಸೆಪಟ್ಟು ನೆಟ್ ಹಾಕಬೇಡಿ. ಇಳಿಸಿಟ್ಟ ಡ್ರೈವರ್ ಓಡಿಸಿ, 'ಕಸ್ಟಮ್' ಆರಿಸಿ, 'ಕ್ಲೀನ್ ಇನ್‌ಸ್ಟಾಲೇಷನ್'ಗೆ ಟಿಕ್ ಹಾಕಿ. ಗ್ರಾಫಿಕ್ಸ್ ಡ್ರೈವರ್ ಬೇಕು. ಎಚ್‌ಡಿಎಂಐ ಮೂಲಕ ಸೌಂಡ್ ಬೇಕಿದ್ದರೆ ಆಡಿಯೊ ಡ್ರೈವರ್ ಬೇಕು. ಜಿಫೋರ್ಸ್ ಎಕ್ಸ್‌ಪೀರಿಯನ್ಸ್, 3ಡಿ ವಿಷನ್ ಇವೆಲ್ಲ ಟಿಕ್ ತೆಗೆಯಿರಿ. 4 ಜಿಬಿ ರ್‍ಯಾಮ್‌ನ ಕಂಪ್ಯೂಟರ್‌ಗೆ ಅವು ಸುಮ್ನೆ ಭಾರ.

ನಡುವೆ ಪರದೆ ಕಪ್ಪಾಗುತ್ತದೆ, ಮಿನುಗುತ್ತದೆ. ಹಾರ್ಡ್ ಡಿಸ್ಕ್ ಹಳೆಯದಾದರೆ ಇದು ಹೆಚ್ಚು ಹೊತ್ತೇ ಹಿಡಿಯಬಹುದು. ಹೆದರಿ ಪವರ್ ಬಟನ್ ಒತ್ತಬೇಡಿ. ಅರ್ಧಕ್ಕೆ ನಿಂತ ಇನ್‌ಸ್ಟಾಲೇಷನ್‌ನಿಂದಲೇ ಮತ್ತೆ ಕೋಡ್ 43 ಹುಟ್ಟುತ್ತದೆ. ಕರೆಂಟ್ ಹೋಗಿ ಬರುವ ಊರಾದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಇನ್‌ಸ್ಟಾಲರ್ ಇನ್ನೂ ಹಟ ಹಿಡಿದರೆ ಕೈಯಾರೆ ಹಾಕಬಹುದು. ಎನ್‌ವಿಡಿಯಾ ಇನ್‌ಸ್ಟಾಲರ್ ತನ್ನ ಫೈಲ್‌ಗಳನ್ನು ಸಿ ಡ್ರೈವ್‌ನಲ್ಲಿ ಬಿಚ್ಚಿಡುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅಪ್‌ಡೇಟ್ ಡ್ರೈವರ್, 'ಬ್ರೌಸ್ ಮೈ ಕಂಪ್ಯೂಟರ್', ಪಟ್ಟಿಯಿಂದ ಆರಿಸುವ ಆಯ್ಕೆ, 'ಹ್ಯಾವ್ ಡಿಸ್ಕ್' ಎಂದು ಹೋಗಿ ಅಲ್ಲಿನ ಡಿಸ್‌ಪ್ಲೇ ಡ್ರೈವರ್ ಫೋಲ್ಡರ್ ತೋರಿಸಿ. ಅಲ್ಲೂ ನಿಮ್ಮ ಕಾರ್ಡಿನ ಹೆಸರು ಕಾಣದಿದ್ದರೆ ಡ್ರೈವರ್ ಬೇರೆಯದು, 2ನೇ ಹಂತದ ಚೀಟಿಯನ್ನು ಮತ್ತೆ ನೋಡಿ.

ಹಂತ 5: ವಿಂಡೋಸ್ ಮತ್ತೆ ಬದಲಿಸದಂತೆ ತಡೆಯಿರಿ

ಪರದೆ ಸರಿಯಾದ ಮೇಲೆ, ನೆಟ್ ಹಾಕುವ ಮೊದಲು, 'ಚೇಂಜ್ ಡಿವೈಸ್ ಇನ್‌ಸ್ಟಾಲೇಷನ್ ಸೆಟ್ಟಿಂಗ್ಸ್' ಹುಡುಕಿ 'ನೋ' ಎಂದಿರಲಿ. ವಿಂಡೋಸ್ ಪ್ರೊ ಇರುವವರು ಗ್ರೂಪ್ ಪಾಲಿಸಿ ಎಂಬ ಸೆಟ್ಟಿಂಗ್‌ನಲ್ಲಿ ಅಪ್‌ಡೇಟ್ ಜೊತೆ ಡ್ರೈವರ್ ಬಾರದಂತೆಯೂ ಮಾಡಬಹುದು.

ಹಂತ 6: ಇಷ್ಟಾದರೂ ಸರಿಯಾಗದಿದ್ದರೆ

ಈಗ ಕಾರ್ಡಿನ ಮೇಲೆ ಅನುಮಾನ ಪಡಬಹುದು. ವಿಂಡೋಸ್ ಬದಲು ಬಳಸಬಹುದಾದ ಉಬುಂಟು ಅಥವಾ ಲಿನಕ್ಸ್ ಮಿಂಟ್ ಅನ್ನು ಪೆನ್ ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಕಂಪ್ಯೂಟರ್ ಶುರು ಮಾಡಿ. ಅಲ್ಲಿ ಪರದೆ ಚೆನ್ನಾಗಿ ಬಂದು, ವಿಡಿಯೊ ಸ್ವಲ್ಪ ಹೊತ್ತು ತೊಂದರೆಯಿಲ್ಲದೆ ಓಡಿದರೆ ತಪ್ಪು ಬಹುತೇಕ ವಿಂಡೋಸ್ ಕಡೆಯದು. ಆನ್ ಮಾಡಿದ ತಕ್ಷಣ, ಮದರ್‌ಬೋರ್ಡ್ ಕಂಪನಿಯ ಲೋಗೊ ಬರುವಾಗಲೇ ಬಣ್ಣದ ಗೆರೆ, ಚುಕ್ಕಿ ಕಂಡರೆ ಡ್ರೈವರ್ ಬದಲಿಸಿ ಉಪಯೋಗವಿಲ್ಲ. ಆಗಿನ್ನೂ ಡ್ರೈವರ್ ಕೆಲಸ ಶುರುವೇ ಮಾಡಿರುವುದಿಲ್ಲ. ಕೇಬಲ್, ಮಾನಿಟರ್ ಬದಲಿಸಿದರೂ ಹಾಗೇ ಇದ್ದರೆ ಕಾರ್ಡೇ ಕೆಟ್ಟಿರುವ ಸಾಧ್ಯತೆ ಜಾಸ್ತಿ.

ಮೊದಲು ಚೆನ್ನಾಗಿದ್ದು ಬಿಸಿಯಾದ ಮೇಲೆ ಪರದೆ ಹೋದರೆ ಫ್ಯಾನ್, ದೂಳು, ಒಣಗಿದ ಥರ್ಮಲ್ ಪೇಸ್ಟ್ ನೋಡಿಸಿ. ಕಾರ್ಡನ್ನು ಅಡುಗೆ ಓವನ್‌ನಲ್ಲಿಟ್ಟು ಬೇಯಿಸುವ ವಿಡಿಯೊ ನೋಡಿ ಹಾಗೆ ಮಾಡಬೇಡಿ. ಹೊಗೆ ಆರೋಗ್ಯಕ್ಕೆ ಕೆಟ್ಟದ್ದು, ಆ ಓವನ್‌ನಲ್ಲಿ ಆಮೇಲೆ ಅಡುಗೆ ಮಾಡಲಾಗದು, ಕಾರ್ಡೂ ಹೆಚ್ಚು ದಿನ ಬಾಳುವುದಿಲ್ಲ.

ಕಾರ್ಡ್ ಹೋಗಿಯೇ ಬಿಟ್ಟಿದ್ದರೆ ಅದನ್ನು ತೆಗೆದು, ಮಾನಿಟರನ್ನು ಮದರ್‌ಬೋರ್ಡಿನ ಪೋರ್ಟ್‌ಗೆ ಸಿಕ್ಕಿಸಿ ನೋಡಿ. ಬಹಳಷ್ಟು ಇಂಟೆಲ್ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಒಳಗೇ ಇರುತ್ತದೆ. ಟೈಪಿಂಗ್, ಬಿಲ್, ಬ್ರೌಸರ್‌ಗೆ ಅಷ್ಟು ಸಾಕು. ಪುಟ ವಿನ್ಯಾಸದವರಿಗೂ ಹೊಸ ಕಾರ್ಡಿಗಿಂತ ಹಾರ್ಡ್ ಡಿಸ್ಕ್ ಬದಲು ವೇಗವಾದ ಎಸ್‌ಎಸ್‌ಡಿ ಹಾಕಿಸಿದರೆ ಹೆಚ್ಚು ಲಾಭ.

ಕಾರ್ಡ್ ಬೇಕೇ ಬೇಕು, ಸೆಕೆಂಡ್ ಹ್ಯಾಂಡ್ ತರುತ್ತೇನೆ ಅನ್ನುವವರು ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಲಿ, ಊರಿನ ಅಂಗಡಿಗೇ ಹೋಗಲಿ, ಪೆನ್ ಡ್ರೈವ್‌ನಲ್ಲಿ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಟ್ಟುಕೊಂಡು ಹೋಗಿ. ಹಳೆ ಫರ್ಮಿ ಚಿಪ್‌ಗೆ 1050 ಟಿಐ ಎಂಬ ಹೆಸರು ತುಂಬಿದ ನಕಲಿ ಕಾರ್ಡುಗಳು ಮಾರುಕಟ್ಟೆಯಲ್ಲಿ ಓಡಾಡಿವೆ. ಅಂಥವಕ್ಕೆ ಸರಿಯಾದ ಡ್ರೈವರ್ ಹಾಕಲು ಹೋದರೆ ಕೂರುವುದೇ ಇಲ್ಲ. 2018ರಿಂದ ಈಚಿನ ಜಿಪಿಯು-ಝಡ್ ಇಂಥ ಎನ್‌ವಿಡಿಯಾ ಕಾರ್ಡನ್ನು ಹಿಡಿದು, ಹೆಸರಿನ ಮೊದಲಿಗೆ 'ಫೇಕ್' ಎಂದು ತೋರಿಸುತ್ತದೆ. ಅಂಗಡಿಯವರ ಕಂಪ್ಯೂಟರ್‌ನಲ್ಲೇ ಕಾರ್ಡ್ ಹಾಕಿಸಿ, ಅದನ್ನು ಓಡಿಸಿ, ಚಿಪ್‌ನ ಹೆಸರು ಕಣ್ಣಾರೆ ನೋಡಿ. ಆಮೇಲೆ ದುಡ್ಡು ಕೊಟ್ಟು, ಬಿಲ್ ಮೇಲೆ ಪೂರ್ತಿ ಮಾದರಿ ಸಂಖ್ಯೆ ಬರೆಸಿಕೊಳ್ಳಿ.